ಪರದೇಶಕ್ಕೆ ಹೋಗುವವರಿಗೆ ಪುಟ್ಟ ಊರು ಸಾಲದೆ?

ದುಡಿಮೆಗಾಗಿ ಪರದೇಶಕ್ಕೆ ಹೊರಡುವ ತರುಣರಿಗೆ ನಮ್ಮ ಸಂಘದ ಸಭೆಗಳಲ್ಲಿ ಈಚೆಗೆ ಒಂದು ಉಪದೇಶವು ತಪ್ಪದೆ ದೊರೆಯುತ್ತಿದೆ. "ಹೋಗುವುದಾದರೆ ಮಹಾನಗರಕ್ಕೇ ಹೋಗಿರಿ. ಅಲ್ಲಿ ಕನ್ನಡ ಸಂಘವುಂಟು, ರಾಜ್ಯೋತ್ಸವವುಂಟು, ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ತರಗತಿಯುಂಟು. ಸಣ್ಣ ಊರಿಗೆ ಹೋದಿರೋ, ನಿಮ್ಮ ಮಕ್ಕಳ ಬಾಯಿಂದ ಕನ್ನಡವು ಹೋಯಿತೆಂದೇ ತಿಳಿಯಿರಿ." ಹೀಗೆಂದು ಹೇಳುವವರು ಹಿರಿಯರು, ಕನ್ನಡದ ಹಿತವನ್ನು ಬಯಸುವವರು. ಅವರ ಸದುದ್ದೇಶದಲ್ಲಿ ನಮಗೆ ಸಂದೇಹವಿಲ್ಲ. ಅವರ ಮಾತಿನಲ್ಲಿ ಮಾತ್ರ ಸಂದೇಹವಿದೆ. ಸಂದೇಹವೆಂದರೂ ಸಾಲದು, ಆ ಮಾತು ತಪ್ಪೆಂದೇ ನಾವು ಹೇಳುತ್ತೇವೆ.

ಇದನ್ನು ಹೇಳುವುದಕ್ಕೆ ನಿಮಗೇನು ಅಧಿಕಾರವೆಂದು ಕೇಳಬಹುದು. ನಾವು ಪರದೇಶವನ್ನು ಕಂಡವರಲ್ಲ. ಉಪಾಧ್ಯಾಯ ತರಬೇತಿಯ ಒಂದು ಪ್ರಮಾಣಪತ್ರವನ್ನು ಹಿಡಿದುಕೊಂಡು ಮಕ್ಕಳಿಗೆ ಒಂದು ಎರಡು ಹೇಳಿಕೊಡುವವರು. ಆದರೆ ನಾವಿರುವುದು ಆಂಡಿಪಟ್ಟಿಯಲ್ಲಿ. ಪರನಾಡಿನಲ್ಲಿ ಕನ್ನಡವು ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನು ತಿಳಿಯಲು ಸಮುದ್ರವನ್ನು ದಾಟಬೇಕಾಗಿಲ್ಲ. ಮದುರೆಯಿಂದ ಉಸಿಲಂಪಟ್ಟಿಯ ಮೇಲೆ ಕಣಿವೆಯನ್ನು ದಾಟಿ ಇತ್ತ ಇಳಿದರೆ ಸಾಕು.

ಕನ್ನಡನಾಡಿನ ಗಡಿಯಿಂದ ಇಷ್ಟು ದೂರದಲ್ಲಿರುವ ಈ ಸೀಮೆಯಲ್ಲಿ ಕನ್ನಡವನ್ನಾಡುವ ಒಕ್ಕಲು ಮಕ್ಕಳಿದ್ದಾರೆ, ನೇಕಾರರಿದ್ದಾರೆ. ಥರ್ಸ್ಟನ್ ಎಂಬವರು 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಮೇಲೆ ಏಳು ಸಂಪುಟಗಳನ್ನು ಪ್ರಕಟಿಸಿದಾಗ, ಮದುರೆ ತಿರುನೆಲ್ವೇಲಿ ಸೀಮೆಗಳ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡದ ಬೇಸಾಯಗಾರರೆಂದೇ ಬರೆದರು. ಕಂಬಂ, ಬೋಡಿನಾಯಕನೂರುಗಳ ಕಡೆಗೆ ಹೋದರೆ ಇಂದಿಗೂ ಆ ಮನೆಗಳ ಹಿರಿಯರು ಹಟ್ಟಿಯ ದನಗಳೊಡನೆ ಆಡುವ ಮಾತು ಕನ್ನಡವೇ. ದಿಂಡಿಗಲ್ಲಿನ ಹತ್ತಿರದ ಚಿನ್ನಾಳಪಟ್ಟಿಯಲ್ಲಿ ದೇವಾಂಗರ ಬೀದಿಗಳುಂಟು. ಅವರ ಸುಂಗುಡಿ ಸೀರೆಯನ್ನು ತಮಿಳುನಾಡೆಲ್ಲವೂ ಬಲ್ಲದು, ಅವರ ಕನ್ನಡವನ್ನು ಬಲ್ಲವರು ಕಡಮೆ. ನಾಯಕ ಅರಸರ ಕಾಲದಿಂದ ಈಚೆಗೆ ಇವರಲ್ಲಿ ಯಾರಿಗೂ ಕನ್ನಡ ಸಂಘವಿರಲಿಲ್ಲ. ರಾಜ್ಯೋತ್ಸವವಂತೂ ಇರಲಿಲ್ಲ. ಬಹುಪಾಲು ಮಂದಿ ಕನ್ನಡದ ಅಕ್ಷರವನ್ನು ಕಣ್ಣಿನಿಂದಲೂ ಕಾಣಲಿಲ್ಲ. ಆದರೂ ನಾಲಗೆಯ ಮೇಲೆ ಕನ್ನಡವು ಶತಮಾನಗಳು ನಿಂತಿತು. 2011ರ ಜನಗಣತಿಯಲ್ಲಿ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಹನ್ನೆರಡು ಲಕ್ಷಕ್ಕೂ ಮೇಲು. ಇವರೆಲ್ಲರನ್ನು ಕನ್ನಡಿಗರನ್ನಾಗಿ ಉಳಿಸಿದ ಮಹಾನಗರ ಯಾವುದು?

ಹೇಗೆ ನಿಂತಿತು ಎಂಬುದೇ ವಿಚಾರಿಸತಕ್ಕ ವಿಷಯ. ಭಾಷಾಭಿಮಾನದಿಂದ ಅಲ್ಲ; ಅಭಿಮಾನವೆಂಬ ಮಾತೇ ಅವರಿಗೆ ತಿಳಿಯದು. ಮನೆಯಲ್ಲಿಯೇ ಮಗ್ಗ, ಮಗ್ಗದ ಮುಂದೆ ತಂದೆ, ಪಕ್ಕದಲ್ಲಿ ಕಂಡಿಕೆ ಸುತ್ತುವ ತಾಯಿ, ಅವಳ ಮಗ್ಗುಲಲ್ಲಿ ಮಗು. ಲಾಳಿಯು ಅತ್ತಿತ್ತ ಓಡುವ ತನಕ ಮಾತೂ ಓಡುತ್ತಿತ್ತು. ಹೊಲದಲ್ಲಿಯೂ ಹಾಗೆಯೇ. ದುಡಿಮೆ ಮನೆಯ ಹೊಸ್ತಿಲಿನ ಹತ್ತಿರವಿತ್ತು. ಬಂಧುಗಳ ಮನೆ ನಾಲ್ಕು ಹೆಜ್ಜೆಯಲ್ಲಿತ್ತು. ದಿನದ ಹೆಚ್ಚು ಹೊತ್ತು ಹಿರಿಯರ ಮಾತು ಕಿರಿಯರ ಕಿವಿಗೆ ಬೀಳುತ್ತಿತ್ತು. ಇದೊಂದೇ ರಹಸ್ಯ. ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ: ಜಾತಿಯೊಳಗೇ ಕೊಟ್ಟು ತರುವ ಕಟ್ಟುಪಾಡು. ಸೊಸೆಯಾಗಿ ಬಂದವಳೂ ಕನ್ನಡದವಳೇ ಆಗಿದ್ದರಿಂದ ತೊಟ್ಟಿಲಿನ ಮಾತು ಬದಲಾಗಲಿಲ್ಲ. ಆ ಗೋಡೆಯನ್ನು ನಾವು ಹೊಗಳುವುದಿಲ್ಲ. ಅದನ್ನು ಹೊತ್ತುಕೊಂಡು ವಿಮಾನವನ್ನೇರಿರಿ ಎಂದು ಯಾರಿಗೂ ಹೇಳೆವು. ಆದರೆ ಗೋಡೆಯನ್ನು ತೆಗೆದಮೇಲೂ ಉಳಿಯತಕ್ಕದ್ದೊಂದು ಇದೆ, ಅದು ಹೊತ್ತು. ಮಕ್ಕಳ ಬಳಿ ಕುಳಿತು ಮಾತಾಡುವ ಹೊತ್ತು.

ಈಗ ಮಹಾನಗರದ ಲೆಕ್ಕವನ್ನು ನೋಡೋಣ. ನಮ್ಮದು ಪ್ರಾಥಮಿಕ ಶಾಲೆಯ ಲೆಕ್ಕ. ನಾಲ್ಕನೆಯ ತರಗತಿಯ ಹುಡುಗನೂ ಮಾಡಬಲ್ಲ. ವಾರಕ್ಕೊಮ್ಮೆ ಒಂದೂವರೆ ಗಂಟೆಯ ಕನ್ನಡ ತರಗತಿ. ರಜೆಗಳನ್ನು ಕಳೆದು ವರ್ಷಕ್ಕೆ ನಲವತ್ತು ವಾರ ನಡೆಯಿತೆನ್ನಿ. ಒಟ್ಟು ಅರವತ್ತು ಗಂಟೆ. ತಂದೆಯು ನಗರದ ಅಂಚಿನ ಮನೆಯಿಂದ ಕಚೇರಿಗೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ವಾರಕ್ಕೆ ಐದು ದಿನ, ವರ್ಷಕ್ಕೆ ನಲವತ್ತೆಂಟು ವಾರ. ಒಟ್ಟು ನಾನೂರ ಎಂಬತ್ತು ಗಂಟೆ. ಅರವತ್ತನ್ನು ಗಳಿಸಲು ನಾನೂರ ಎಂಬತ್ತನ್ನು ತೆತ್ತ ವ್ಯಾಪಾರಿಯನ್ನು ನಮ್ಮ ಆಂಡಿಪಟ್ಟಿಯ ಸಂತೆಯಲ್ಲಿ ಏನೆಂದು ಕರೆಯುತ್ತಾರೆಂಬುದನ್ನು ಇಲ್ಲಿ ಬರೆಯಲಾಗದು. ತಾಯಿಯೂ ಕೆಲಸಕ್ಕೆ ಹೋಗುವವಳಾದರೆ ಲೆಕ್ಕವು ಎರಡರಷ್ಟಾಗುತ್ತದೆ. ಮನೆಬಾಡಿಗೆ ಹೆಚ್ಚಾದಷ್ಟೂ ಕೆಲಸದ ಗಂಟೆಗಳು ಹೆಚ್ಚಬೇಕು, ಮನೆ ಕಚೇರಿಯಿಂದ ದೂರವಾಗಬೇಕು. ಇದು ದೊಡ್ಡ ನಗರಗಳೆಲ್ಲದರ ಧರ್ಮ, ಲಂಡನ್ನಾಗಲಿ ಸಿಡ್ನಿಯಾಗಲಿ.

ನಗರವು ಕನ್ನಡವನ್ನು ಕಾಯುತ್ತದೆಂಬ ನಂಬಿಕೆಯುಳ್ಳವರು ಒಮ್ಮೆ ಸಿಂಗಪುರದ ಕಡೆಗೆ ನೋಡಲಿ. ನಮ್ಮ ಕಡೆಯ ತರುಣರಿಗೆ ಸಿಂಗಪುರವು ಪರಿಚಯದ ಹೆಸರು. ಅಲ್ಲಿ ಕನ್ನಡ ಸಂಘವಿದೆ, ಅದು ಒಳ್ಳೆಯ ಕೆಲಸವನ್ನು ಮಾಡುತ್ತದೆ, ಒಪ್ಪುತ್ತೇವೆ. ಆದರೆ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಮಗುವು 'ತಾಯ್ನುಡಿ' ಎಂಬ ಹೆಸರಿನ ಪಾಠವನ್ನು ಆರಿಸಿಕೊಳ್ಳಬೇಕಾದಾಗ, ಭಾರತೀಯರ ಪಾಲಿಗೆ ತಮಿಳುಂಟು. ಅದಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳುಂಟು. ಕನ್ನಡವಿಲ್ಲ. ಆಂಡಿಪಟ್ಟಿಯ ಕನ್ನಡದ ಮಗು ಇಲ್ಲಿ ತಮಿಳಿನಲ್ಲಿ ಓದುತ್ತದೆ. ತಮಿಳು ಕಲಿಕೆಯ 2006ರ ಕಾನೂನು ಬಂದ ಮೇಲೆ ಈ ರಾಜ್ಯದ ಎಲ್ಲ ಕನ್ನಡ ಮಕ್ಕಳಿಗೂ ತಮಿಳು ಪಾಠ ಕಡ್ಡಾಯವಾಯಿತು. ಅದೇ ಮಗು ಜಗತ್ಪ್ರಸಿದ್ಧವಾದ ಮಹಾನಗರಕ್ಕೆ ಹೋಗಿ ಅಲ್ಲಿಯೂ 'ತಾಯ್ನುಡಿ' ಎಂದು ತಮಿಳನ್ನೇ ಬರೆಯುತ್ತದೆ! ತಮಿಳಿನ ಮೇಲೆ ನಮಗೆ ಮುನಿಸಿಲ್ಲ. ಅದು ನಮಗೆ ಅನ್ನವನ್ನಿಕ್ಕಿದ ನಾಡಿನ ಭಾಷೆ, ನಾವು ದಿನವೂ ಆಡುವ ಭಾಷೆ. ನಾವು ಕೇಳುವುದು ಇಷ್ಟೇ: ಕಡಲನ್ನು ದಾಟಿ ನಗರವನ್ನು ಸೇರಿದ್ದರಿಂದ ಕನ್ನಡಕ್ಕೆ ಒದಗಿದ ಲಾಭವೇನು?

ಸಣ್ಣ ಊರೆಂದರೆ ಕೆಲಸ ದೊರೆಯದ ಊರು ಎಂಬ ಭಾವನೆಯೂ ಹಳೆಯದಾಯಿತು. ಮಹಾನಗರಗಳು ತುಂಬಿ ಹೋಗಿ, ಸಣ್ಣ ಊರುಗಳಲ್ಲಿ ವೈದ್ಯನಿಲ್ಲದೆ ದಾದಿಯಿಲ್ಲದೆ ಯಂತ್ರ ರಿಪೇರಿ ಮಾಡುವವನಿಲ್ಲದೆ, ಆ ಸರ್ಕಾರಗಳೇ ಈಗ ಕೈಬೀಸಿ ಕರೆಯುತ್ತಿವೆ. ಆಸ್ಟ್ರೇಲಿಯಾದವರು 2019ರ ನವೆಂಬರಿನಲ್ಲಿ ಒಂದು ಹೊಸ ವೀಸಾವನ್ನು ತಂದರು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮೂರನ್ನು ಬಿಟ್ಟು ಉಳಿದ ಕಡೆ ನೆಲಸಲು ಒಪ್ಪುವ ಕುಶಲ ಕೆಲಸಗಾರರಿಗೆ ಅದರಲ್ಲಿ ಹದಿನೈದು ಅಂಕಗಳ ಹೆಚ್ಚಳ. ಮೂರು ವರ್ಷ ಅಲ್ಲಿ ಬಾಳಿ ದುಡಿದವರಿಗೆ ಕಾಯಂ ವಾಸಕ್ಕೆ ಅರ್ಜಿ ಹಾಕುವ ದಾರಿ. (ಆ ಕಾನೂನಿನ ಕಣ್ಣಿನಲ್ಲಿ ಪರ್ತ್ ನಗರವೂ ಹೊರನಾಡೇ! ಅವರ ಸಣ್ಣ ಊರಿನ ಕಲ್ಪನೆ ನಮ್ಮದಕ್ಕಿಂತ ಬಹಳ ಉದಾರವಾದುದು.) ಕೆನಡಾದವರು ಅದೇ ವರ್ಷ ಥಂಡರ್ ಬೇ, ಟಿಮಿನ್ಸ್ ಮೊದಲಾದ ಹನ್ನೊಂದು ದೂರದ ಊರುಗಳಿಗೆ ಜನರನ್ನು ತರಲು ಒಂದು ಪ್ರಯೋಗವನ್ನು ಆರಂಭಿಸಿದರು, ಅದು 2024ರಲ್ಲಿ ಮುಗಿಯಲು, 2025ರಲ್ಲಿ ಹದಿನಾಲ್ಕು ಊರುಗಳಿಗೆ ಇನ್ನೊಂದು ಬಂದಿತು. ಅಮೆರಿಕದಲ್ಲಿ 1994ರಿಂದಲೇ ಒಂದು ಏರ್ಪಾಡುಂಟು. ತರಬೇತಿಗೆಂದು ಬಂದ ವಿದೇಶದ ವೈದ್ಯನು ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ನಿಯಮವನ್ನು, ವೈದ್ಯರು ಸಾಲದ ಪ್ರದೇಶದಲ್ಲಿ ಮೂರು ವರ್ಷ ಸೇವೆ ಮಾಡಿದರೆ ಬಿಟ್ಟುಕೊಡುತ್ತಾರೆ; ಈಗ ಒಂದೊಂದು ರಾಜ್ಯವೂ ವರ್ಷಕ್ಕೆ ಮೂವತ್ತು ಮಂದಿಯನ್ನು ಹೀಗೆ ಉಳಿಸಿಕೊಳ್ಳಬಹುದು. ಆದ್ದರಿಂದ ನಗರವೋ ಊರೋ ಎಂಬ ಪ್ರಶ್ನೆ ಇಂದು ಬರಿಯ ಚರ್ಚಾಕೂಟದ ವಿಷಯವಾಗಿ ಉಳಿದಿಲ್ಲ. ನಮ್ಮಲ್ಲಿ ಓದಿದವರು ಅರ್ಜಿಯ ನಮೂನೆಯಲ್ಲಿ ತುಂಬಬೇಕಾದ ಒಂದು ಸಾಲಾಗಿದೆ. ಆ ಸಾಲನ್ನು ತುಂಬುವ ಮುನ್ನ ನಮ್ಮ ಹಿರಿಯರ ಉಪದೇಶವನ್ನು ಕೇಳಿ ಹೆದರುವವರುಂಟು. ಆದ ಕಾರಣ ಈ ಲೇಖನ.

ಕೊಲ್ಲಿಯ ನಾಡುಗಳ ಮಾತೇ ಬೇರೆ. ಅಲ್ಲಿ ಕೂಲಿಗೆ ಹೋಗುವವನಿಗೆ ಊರನ್ನು ಆರಿಸುವ ಸ್ವಾತಂತ್ರ್ಯವೇ ಇಲ್ಲ. ಮಾಲೀಕನು ಇಟ್ಟ ಕಡೆ ಇರಬೇಕು. ಅವನಿಗೆ ಯಾರ ಉಪದೇಶವೂ ಬೇಡ.

ನಮ್ಮ ವಾದಕ್ಕೆ ಎದುರಾಗಿ ಮುಂಬಯಿಯನ್ನು ತರುವವರಿದ್ದಾರೆ. ಇದು ಗಟ್ಟಿಯಾದ ಆಕ್ಷೇಪಣೆ, ಹಗುರಾಗಿ ಕಾಣತಕ್ಕದ್ದಲ್ಲ. ಕರಾವಳಿಯಿಂದ ಬರಿಗೈಯಲ್ಲಿ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೆಟ್ರಿಕ್ಯುಲೇಶನ್ ಮುಗಿಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ, 1902ರಷ್ಟು ಹಳೆಯ ಸಂಸ್ಥೆಗಳು ಅಲ್ಲಿ ಹುಟ್ಟಿದವು. ಆ ರಾತ್ರಿಶಾಲೆಗಳ ಉಪಾಧ್ಯಾಯರ ಮುಂದೆ ನಮ್ಮಂಥವರು ಕೈಮುಗಿಯಬೇಕು. ಸಣ್ಣ ಊರಿನಲ್ಲಿ ಅಂಥ ಶಾಲೆ ಆಗುತ್ತಿರಲಿಲ್ಲವೆಂಬುದೂ ನಿಜ. ಆದರೆ ಅದು ಹೇಗೆ ನಡೆಯಿತೆಂಬುದನ್ನು ನೋಡಬೇಡವೆ? ಆ ಹುಡುಗರು ದುಡಿದದ್ದು ತಮ್ಮವರ ಹೋಟೆಲಿನಲ್ಲಿ, ಉಂಡದ್ದು ಅಲ್ಲಿಯೇ, ಚಾಪೆ ಹಾಸಿ ಮಲಗಿದ್ದೂ ಅಲ್ಲಿಯೇ. ಹಗಲೆಲ್ಲ ಕಿವಿಗೆ ಬಿದ್ದದ್ದು ಕನ್ನಡ, ತುಳು, ಕೊಂಕಣಿ. ಶಾಲೆಯೂ ವಾರಕ್ಕೊಮ್ಮೆಯದಲ್ಲ, ದಿನದಿನದ ರಾತ್ರಿಯದು. ಮಹಾನಗರದ ಹೊಟ್ಟೆಯಲ್ಲಿ ಅವರು ಬಾಳಿದ್ದು ಒಂದು ಪುಟ್ಟ ಊರಿನ ಬಾಳನ್ನು. ಅವರ ಮಕ್ಕಳು ಆ ಕೋಣೆಯನ್ನು ಬಿಟ್ಟು ಫ್ಲ್ಯಾಟುಗಳಿಗೆ ಹೋದ ಮೇಲೆ ರಾತ್ರಿಶಾಲೆಗಳು ಒಂದೊಂದಾಗಿ ಬರಿದಾದವು. ನಗರ ಅಲ್ಲಿಯೇ ಇತ್ತು, ಮೊದಲಿಗಿಂತ ದೊಡ್ಡದಾಗಿಯೇ ಇತ್ತು, ಸಂಘಗಳೂ ಇದ್ದವು. ಇಲ್ಲದೆ ಹೋದದ್ದು ಒಂದೇ ಚಾವಣಿಯ ಕೆಳಗಿನ ಮಾತು.

ಸಾಹಿತ್ಯದಿಂದಲೂ ಸಾಕ್ಷ್ಯ ಬೇಕೆನ್ನುವವರಿಗೆ ಒಂದೆರಡು ಮಾತು. ಯಶವಂತ ಚಿತ್ತಾಲರು ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರು; ಅವರ ಕಥೆಗಳು ಮರಳಿ ಮರಳಿ ಹೋದದ್ದು ಉತ್ತರ ಕನ್ನಡದ ಹನೇಹಳ್ಳಿಗೆ. ಅವರು ನಗರದ ಬಾಳನ್ನೇ ವಸ್ತುವಾಗಿಟ್ಟು 1979ರಲ್ಲಿ 'ಶಿಕಾರಿ'ಯನ್ನು ಬರೆದರು. ಅದರೊಳಗಿನ ಒಂಟಿತನವನ್ನು ಓದಿದವರು ಮಹಾನಗರದಲ್ಲಿ ಸಂಗ ದೊರೆಯುತ್ತದೆಂದು ಹೇಳಲು ಸ್ವಲ್ಪ ಹಿಂಜರಿಯುವರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕವನ್ನು ಕಂಡು ಬಂದು ಬರೆದ ಪುಸ್ತಕಕ್ಕೆ 'ಅಮೆರಿಕಾದಲ್ಲಿ ಗೊರೂರು' ಎಂದು ಹೆಸರಿಟ್ಟರು. 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಅದಕ್ಕೆ ಬಂದಿತು. ಹೇಮಾವತಿಯ ದಡದ ಒಂದು ಊರು ತನ್ನ ಹೆಸರನ್ನು ಬಿಡದೆ ಅಷ್ಟು ದೂರ ಹೋಗಿ ಬಂದಿತಲ್ಲ! ಷಿಕಾಗೊದಲ್ಲಿ 1962ರಿಂದ 1993ರಲ್ಲಿ ತೀರಿಕೊಳ್ಳುವ ತನಕ ಇದ್ದ ಎ.ಕೆ. ರಾಮಾನುಜನ್ ಅವರು 'ಹೊಕ್ಕುಳಲ್ಲಿ ಹೂವಿಲ್ಲ' ಸಂಕಲನವನ್ನು ಹೊರತಂದದ್ದು 1969ರಲ್ಲಿ. ಅಮೆರಿಕದ ಕನ್ನಡಿಗರ 'ಅಕ್ಕ' ಒಕ್ಕೂಟವು ಹ್ಯೂಸ್ಟನ್ನಿನಲ್ಲಿ ಮೊದಲ ದೊಡ್ಡ ಸಮ್ಮೇಳನವನ್ನು ನಡೆಸಿದ್ದು 2000ದಲ್ಲಿ. ನಡುವೆ ಮೂವತ್ತೊಂದು ವರ್ಷ. ಕವಿಯು ಸಮ್ಮೇಳನಕ್ಕಾಗಿ ಕಾಯಲಿಲ್ಲ.

ಇನ್ನೊಂದು ಆಕ್ಷೇಪಣೆಯನ್ನು ಗಂಡಸರು ಎತ್ತುವುದೇ ಇಲ್ಲ, ನಾವೇ ಎತ್ತಬೇಕಾಗಿದೆ. ಹೆಂಡತಿಯ ಸ್ಥಿತಿ ಏನು? ಗಂಡನು ಬೆಳಿಗ್ಗೆ ಕಾರಿನಲ್ಲಿ ಹೋದನೆಂದರೆ, ಬಸ್ಸಿಲ್ಲದ, ಬೀದಿಯಲ್ಲಿ ನಡೆಯುವವರೇ ಇಲ್ಲದ ಪರದೇಶದ ಪುಟ್ಟ ಊರಿನಲ್ಲಿ ಆಕೆ ಸಂಜೆಯವರೆಗೆ ನಾಲ್ಕು ಗೋಡೆಗಳ ನಡುವೆ ಇರಬೇಕು. ಅಮೆರಿಕದಲ್ಲಿ ನೌಕರಿಯ ವೀಸಾದ ಮೇಲೆ ಹೋದವರ ಹೆಂಡಿರಿಗೆ ಬಹುಕಾಲ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ; 2015ರಲ್ಲಿ ಅವರಲ್ಲಿ ಕೆಲವರಿಗಷ್ಟೇ ಅದು ದೊರೆಯಿತು. ಇಲ್ಲಿ ಅತ್ತೆ, ನಾದಿನಿ, ನೆರೆಯಾಕೆ ಎಂದು ನೂರು ಬಾಯಿಗಳ ನಡುವೆ ಬೆಳೆದ ಹೆಣ್ಣುಮಗಳಿಗೆ ಅದು ಸೆರೆಮನೆಗಿಂತ ಕಡಮೆಯೇನಲ್ಲ. ಮಾತಾಡಲು ಮನಸ್ಸಿಲ್ಲದ ತಾಯಿ ಮಗುವಿಗೆ ಯಾವ ಭಾಷೆಯನ್ನು ಕಲಿಸಿಯಾಳು? ಆದ್ದರಿಂದ ಪುಟ್ಟ ಊರನ್ನು ಆರಿಸುವ ತರುಣನು ಮೊದಲು ವಿಚಾರಿಸಬೇಕಾದದ್ದು ಸಂಬಳವನ್ನಲ್ಲ. ಆ ಊರಿನಲ್ಲಿ ಕಾಲ್ನಡಿಗೆಯಲ್ಲಿ ಸಿಗುವ ಅಂಗಡಿ, ಪುಸ್ತಕಾಲಯ, ಆಸ್ಪತ್ರೆ ಉಂಟೆ, ಹೆಂಡತಿಗೆ ಕೆಲಸ ಮಾಡುವ ಹಕ್ಕುಂಟೆ ಎಂಬುದನ್ನು. ಆಕೆಯೂ ಇಲ್ಲಿಯೇ ವಾಹನ ನಡೆಸುವುದನ್ನು ಕಲಿತು ಹೊರಡಲಿ. ಇವು ಯಾವುವೂ ಇಲ್ಲದ ಊರನ್ನು ಕನ್ನಡದ ಹೆಸರಿನಲ್ಲಿ ಆಕೆಯ ಮೇಲೆ ಹೇರುವುದನ್ನು ನಾವು ಒಪ್ಪುವುದಿಲ್ಲ. ಅಂಥ ಊರಿಗಿಂತ ನಗರವೇ ವಾಸಿ. ಹಾಗೆಂದು ನಗರದ ಹದಿನೈದನೆಯ ಅಂತಸ್ತಿನಲ್ಲಿ ಒಂಟಿತನವಿಲ್ಲವೆಂದು ಯಾರೂ ಭಾವಿಸದಿರಲಿ.

ಪುಟ್ಟ ಊರೆಂದರೆ ಪ್ರಪಂಚವನ್ನರಿಯದ ಮೂಲೆ ಎಂಬ ಮಾತಿಗೆ ಉತ್ತರವನ್ನು ನಮ್ಮ ಊರೇ ಕೊಟ್ಟಿದೆ. 1984ರ ಚುನಾವಣೆಯಲ್ಲಿ ಎಂ.ಜಿ. ರಾಮಚಂದ್ರನ್ ಅವರು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿದ್ದುಕೊಂಡೇ ಆಂಡಿಪಟ್ಟಿಯಿಂದ ಗೆದ್ದರು. 2002ರಲ್ಲಿಯೂ 2006ರಲ್ಲಿಯೂ ಇಲ್ಲಿಂದ ಗೆದ್ದ ಜಯಲಲಿತಾ ಅವರು ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ. 2010ರ ಕೊನೆಗೆ ನಿಂತುಹೋದ ಮದುರೆ–ಬೋಡಿ ರೈಲು, ಅಗಲ ಹಳಿಯ ಮೇಲೆ 2022ರಲ್ಲಿ ತೇನಿಯವರೆಗೂ 2023ರಲ್ಲಿ ಬೋಡಿಯವರೆಗೂ ಮರಳಿತು. ಬೋಡಿಯಲ್ಲಿ ಹತ್ತಿದವನು ಈಗ ಚೆನ್ನೈಯಲ್ಲಿ ಇಳಿಯಬಹುದು. ಅಲ್ಲಿಂದ ಮುಂದಕ್ಕೆ ವಿಮಾನ. ಹೋಗುವವರನ್ನು ತಡೆಯಬೇಕೆಂಬುದು ನಮ್ಮ ಇಚ್ಛೆಯಲ್ಲ. ಮಗ್ಗದಿಂದ ಹೊಟ್ಟೆ ತುಂಬದಿದ್ದರೆ ಹೋಗಲೇಬೇಕು.

ಆದರೆ ಆಂಡಿಪಟ್ಟಿಯನ್ನು ಹೊಗಳುತ್ತ ಕುಳಿತರೆ ಅರ್ಧ ಸತ್ಯವನ್ನೇ ಹೇಳಿದಂತಾಗುತ್ತದೆ. ಈ ಕಣಿವೆಯು ನಾಲಗೆಯನ್ನು ಉಳಿಸಿತು, ಅಕ್ಷರವನ್ನು ಉಳಿಸಲಿಲ್ಲ. ಅಜ್ಜಿಯು ಕನ್ನಡದಲ್ಲಿ ಹಾಡುತ್ತಾಳೆ. ಮೊಮ್ಮಗಳು ಆ ಹಾಡನ್ನು ಬರೆದಿಡಬೇಕೆಂದರೆ ತಮಿಳು ಲಿಪಿಯನ್ನು ಹುಡುಕುತ್ತಾಳೆ. ಓದು ಇಲ್ಲದ ಮಾತು ಮನೆಯ ಹೊಸ್ತಿಲನ್ನು ದಾಟದೆ ಕುಗ್ಗುತ್ತ ಬಂದಿತು. ಅಡಿಗೆಯ ಮಾತು, ದನದ ಮಾತು, ಬೈಗುಳದ ಮಾತು ಉಳಿದವು. ವಿಚಾರದ ಮಾತಿಗೆಲ್ಲ ತಮಿಳು ಬಂದಿತು. ಮಗ್ಗವು ಮನೆಯನ್ನು ಬಿಟ್ಟು ಹೋಗಿ, ತರುಣರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೊರಟಮೇಲೆ ಆ ಅಡಿಗೆಮನೆಯ ಕನ್ನಡವೂ ಸಡಿಲುತ್ತಿದೆ. ಪರದೇಶದ ಪುಟ್ಟ ಊರಿಗೆ ಹೋಗುವವನಿಗೆ ಇರುವ ಅಪಾಯ ಇದೇ. ಮೊದಲನೆಯ ತಲೆಮಾರಿಗೆ ಮಾತು ಉಳಿದೀತು. ಅಕ್ಷರವಿಲ್ಲದಿದ್ದರೆ ಎರಡನೆಯದಕ್ಕೆ ಅದು ಅಜ್ಜಿಯೊಡನೆ ಫೋನಿನಲ್ಲಿ ಆಡುವ ನಾಲ್ಕು ಮಾತಾಗಿ ನಿಂತೀತು.

ಇದಕ್ಕೆ ಮಹಾನಗರ ಬೇಕೆ? ಸಂಘಗಳ ವಾರದ ತರಗತಿಯ ನಿಜವಾದ ಉಪಯೋಗ ಅಕ್ಷರವನ್ನು ಕಲಿಸುವುದರಲ್ಲಿದೆ, ಅದನ್ನು ನಾವು ಅಲ್ಲಗಳೆಯೆವು. ಆದರೆ 2020ರ ಮಹಾಮಾರಿಯ ಕಾಲದಲ್ಲಿ ಆ ತರಗತಿಗಳು ಫೋನಿನ ಪರದೆಯೊಳಕ್ಕೆ ಬಂದಮೇಲೆ, ಸಿಡ್ನಿಯ ಮಗುವಿಗೂ ಮುನ್ನೂರು ಮೈಲಿ ಆಚೆಯ ಊರಿನ ಮಗುವಿಗೂ ಪಾಠದ ಮಟ್ಟಿಗೆ ಅಂತರವೇನು ಉಳಿಯಿತು? ಅಕ್ಷರವನ್ನು ಪರದೆಯ ಮೇಲಿಂದ ಕಲಿಯಬಹುದು. ಸಂಜೆಯ ಊಟದ ಹೊತ್ತಿನ ಮಾತನ್ನು ಹಾಗೆ ತರಿಸಿಕೊಳ್ಳಲಾಗದು. ಒಂದನ್ನು ಹೊರಗಿನಿಂದ ಪಡೆಯುವ ಉಪಾಯವಿರುವಾಗ, ಅದಕ್ಕಾಗಿ ಇನ್ನೊಂದನ್ನು ಮಾರಿಕೊಳ್ಳಿರೆಂದು ಹೇಳುವ ಹಿರಿಯರು ಮತ್ತೊಮ್ಮೆ ಯೋಚಿಸಬೇಕು.

ತಾಳವಾಡಿ, ಹೊಸೂರು, ಕಾಸರಗೋಡಿನ ಕಡೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವ ಉಪಾಧ್ಯಾಯ ಬಂಧುಗಳು ಈ ವಿಷಯದಲ್ಲಿ ನಮಗಿಂತ ಅದೃಷ್ಟವಂತರು. ಅವರ ವಿದ್ಯಾರ್ಥಿಗಳ ಕೈಯಲ್ಲಿ ಅಕ್ಷರವಿದೆ. ನಮ್ಮ ಕಣಿವೆಯ ಮಕ್ಕಳಿಗೆ ದೊರೆಯದ ಆಸ್ತಿ ಅದು. ಆ ವಿದ್ಯಾರ್ಥಿಗಳಲ್ಲಿ ಯಾರಾದರೂ ನಾಳೆ ಟಿಮಿನ್ಸಿಗೋ ಟೂವೂಂಬಾಕ್ಕೋ ಹೊರಟು ನಿಂತು ಸಲಹೆಯನ್ನು ಕೇಳಿದರೆ, ಅಲ್ಲಿ ಸಂಘವಿದೆಯೆ ಎಂದು ಕೇಳಬೇಡಿರಿ. ಕೆಲಸದ ಸ್ಥಳದಿಂದ ಮನೆಗೆ ಎಷ್ಟು ದೂರ, ಸಂಜೆ ಎಷ್ಟು ಹೊತ್ತಿಗೆ ಬರುವೆ, ಹೆಂಡತಿಗೆ ಒಪ್ಪಿಗೆಯೆ ಎಂದು ಕೇಳಿರಿ. ಆಮೇಲೆ ಪೆಟ್ಟಿಗೆಯಲ್ಲಿ ಏನೇನನ್ನು ತುಂಬಿದ್ದಾನೆಂದು ನೋಡಿರಿ. ಉಪ್ಪಿನಕಾಯಿಗೂ ಸಾರಿನಪುಡಿಗೂ ಐದಾರು ಕಿಲೋ ಹೋಗಿರುತ್ತದೆ. ಒಂದನೆಯ ತರಗತಿಯಿಂದ ನಾಲ್ಕನೆಯ ತರಗತಿಯವರೆಗಿನ ಕನ್ನಡ ಪಾಠಪುಸ್ತಕಗಳೆಲ್ಲ ಸೇರಿದರೂ ಅಷ್ಟು ತೂಗುವುದಿಲ್ಲ.